ಎರಿ ಮಣ್ಣು ಎತ್ತಿದರೆ ಹಿಡಿಯುವವರು ಯಾರು?

ಮಳೆಗಾಲ ಬಂದರೆ ಅಂಗಡಿಯ ಶಟರು ಇಳಿಯುವುದಿಲ್ಲ. ಬೇಸಿಗೆ ಬಂದರೆ ಗೋಡೆ ಬಾಯಿ ಬಿಡುತ್ತದೆ. ಮನೋಳಿ ಪೇಟೆಯಿಂದ ಹಿಡಿದು ಸವದತ್ತಿ, ಬೈಲಹೊಂಗಲ, ರಾಮದುರ್ಗದ ತನಕ, ಎರಿ ನೆಲದ ಮೇಲೆ ಕಟ್ಟಿಸಿದವರ ಬಾಯಲ್ಲಿ ಈ ದೂರು ಹೊಸದೇನಲ್ಲ.

"ಏನ್ರಿ ಇದು, ಕಟ್ಟಿಸಿ ಮೂರು ವರ್ಷ ಆಗಿಲ್ಲ, ಗ್ವಾಡಿ ಸೀಳೇತಿ!" ಎಂದು ಒಬ್ಬರು ಅಂದರೆ, ಪಕ್ಕದವರು ಗೌಂಡಿಯನ್ನು ಬಯ್ಯುತ್ತಾರೆ. ಗೌಂಡಿ ಸಿಮೆಂಟಿನ ಮೇಲೆ ಹಾಕುತ್ತಾನೆ. ಸಿಮೆಂಟು ಮಾರಿದವರು ಉಸುಕಿನ ಮೇಲೆ ಹಾಕುತ್ತಾರೆ. ಕಡೆಗೆ ವಾಸ್ತು ನೋಡುವವರನ್ನು ಕರೆಸಿ ಬಾಗಿಲ ದಿಕ್ಕು ಬದಲಿಸುವುದೂ ಉಂಟು. ಆದರೆ ಬಹಳ ಸಲ ಅಪರಾಧಿ ಇವರಾರೂ ಅಲ್ಲ. ಅಪರಾಧಿ ಕಾಲ ಕೆಳಗೇ ಇದ್ದಾನೆ. ಅವನ ಹೆಸರು ಎರಿ ಮಣ್ಣು.

ಈಚೆಗೆ ಈ ರೋಗಕ್ಕೆ ಒಂದು ಮದ್ದು ಎಲ್ಲರ ಬಾಯಲ್ಲಿ ಓಡಾಡುತ್ತಿದೆ. "ಪೈಲ್ ಹಾಕಿಸ್ರಿ, ಚಿಂತಿ ಬಿಡ್ರಿ." ನೆಲದಲ್ಲಿ ಆಳವಾದ ತೂತು ಕೊರೆದು, ಕಬ್ಬಿಣದ ಸರಳು ಇಳಿಸಿ, ಕಾಂಕ್ರೀಟು ತುಂಬಿದರೆ ಅದೇ ಪೈಲು. ನೆಲದೊಳಗಿನ ಕಂಬ ಅನ್ನಿ. ಮದ್ದು ಒಳ್ಳೆಯದೇ. ಆದರೆ ಯಾವ ಪೈಲು? ಎಷ್ಟು ಆಳ? ಅದು ಭಾರ ಹೊರುವುದು ಯಾತರ ಆಸರೆಯ ಮೇಲೆ? ಇಷ್ಟು ಕೇಳದೆ ರೊಕ್ಕ ಎಣಿಸಿ ಕೊಟ್ಟರೆ, ಮದ್ದಿನ ಖರ್ಚೂ ಹೋಯಿತು, ರೋಗವೂ ಉಳಿಯಿತು.

ಉಬ್ಬುವ ನೆಲ, ಕುಗ್ಗುವ ನೆಲ

ಎರಿ ಮಣ್ಣಿನ ಗುಣ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಯಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಜೋಳ, ಕಡಲೆ, ಹತ್ತಿಗೆ ಇದು ತಾಯಿ. ಕಟ್ಟಡಕ್ಕೆ ಮಾತ್ರ ಮಲತಾಯಿ.

ಕಾರಣ ಇಷ್ಟು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಬಹಳ ಇದೆ. ಅದರ ಕಣಗಳು ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳು. ಪುಸ್ತಕದ ಪುಟಗಳ ನಡುವೆ ನೀರು ಹೊಕ್ಕರೆ ಪುಸ್ತಕ ಉಬ್ಬುವುದಿಲ್ಲವೇ, ಹಾಗೆಯೇ ಈ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಮತ್ತೆ ಕುಗ್ಗುತ್ತದೆ. ವರ್ಷಕ್ಕೊಮ್ಮೆ ಮೇಲೆ, ವರ್ಷಕ್ಕೊಮ್ಮೆ ಕೆಳಗೆ.

ಉಬ್ಬುವಾಗಿನ ಬಲ ಸಣ್ಣದಲ್ಲ. ಕಡು ಎರಿ ಮಣ್ಣು ಒಂದು ಚದರ ಮೀಟರು ಜಾಗದಲ್ಲಿ ಹತ್ತಾರು ಟನ್ನಿನ ಬಲದಿಂದ ಮೇಲಕ್ಕೆ ಒತ್ತಬಲ್ಲದು. ಒಂದಂತಸ್ತಿನ ಅಂಗಡಿಯ ಗೋಡೆ ತನ್ನ ಪಾಯದ ಮೂಲಕ ಕೆಳಕ್ಕೆ ಒತ್ತುವುದು ಅದರ ಒಂದು ಪಾಲು ಮಾತ್ರ. ಹೀಗಾಗಿ ಇಲ್ಲಿ ಲೆಕ್ಕ ತಿರುವುಮುರುವು. ದೊಡ್ಡ ಭಾರದ ಕಟ್ಟಡ ನೆಲವನ್ನು ಅದುಮಿ ಕೂಡುತ್ತದೆ. ಹಗುರಾದ ಪುಟ್ಟ ಅಂಗಡಿಯನ್ನೇ ನೆಲ ಎತ್ತಿ ಕುಣಿಸುತ್ತದೆ. "ನಂದೇನ್ ಸಣ್ಣ ಅಂಗಡಿ, ಮೂರ ಫೂಟ್ ಪಾಯಾ ಸಾಕು" ಎನ್ನುವವರೇ ಮೊದಲು ಪೇಚಿಗೆ ಸಿಗುವುದು ಇದಕ್ಕೇ.

ಅದರಲ್ಲೂ ಇಡೀ ಕಟ್ಟಡ ಒಂದೇ ಸಮ ಏಳುವುದಿಲ್ಲ. ಮೋರಿ ಇರುವ ಕಡೆ, ನಳದ ನೀರು ಸೋರುವ ಕಡೆ ಹೆಚ್ಚು ಏಳುತ್ತದೆ. ಗಿಡದ ಬೇರು ನೀರು ಹೀರುವ ಕಡೆ ಕುಸಿಯುತ್ತದೆ. ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ ಆದಾಗ ನಡುವಿನ ಗೋಡೆ ಏನು ಮಾಡಬೇಕು? ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಶಟರಿನ ಚೌಕಟ್ಟು ಓರೆಯಾಗುತ್ತದೆ.

ಹಿಂದಿನವರ ಮಾಳಿಗೆ ಮನೆಗಳು ಇದೇ ನೆಲದಲ್ಲಿ ಬಾಳಿದವಲ್ಲ ಎಂದು ಕೇಳಬಹುದು. ಬಾಳಿದವು. ಕಟ್ಟಿಗೆಯ ಕಂಬ, ತೊಲೆ, ದಪ್ಪ ಮಣ್ಣಿನ ಗೋಡೆ ನೆಲದ ಜೊತೆ ತುಸು ಬಾಗಿ, ತುಸು ಕೂತು ಹೊಂದಿಕೊಳ್ಳುತ್ತಿದ್ದವು. ಬಿರುಕು ಬಿಟ್ಟರೆ ಮನೆಯವರೇ ಮಣ್ಣು ಮೆತ್ತಿ ಸಾರಿಸುತ್ತಿದ್ದರು. ಇಂದಿನ ಇಟ್ಟಿಗೆ, ಸಿಮೆಂಟು, ಸ್ಲ್ಯಾಬು ಬಾಗುವ ಜಾತಿಯವಲ್ಲ. ಅವು ಒಡೆಯುತ್ತವೆ.

ಅಣೆಕಟ್ಟು ಕಲ್ಲಿನ ಮೇಲೆ, ಕಾಲುವೆ ಎರಿಯ ಮೇಲೆ

ಈ ಮಣ್ಣಿನ ತಂಟೆ ಬರೀ ನಮ್ಮ ನಿಮ್ಮ ಗೋಡೆಯದಲ್ಲ. ಸರಕಾರದ ಇಂಜಿನಿಯರುಗಳನ್ನೂ ನೀರು ಕುಡಿಸಿದೆ. ಸಾಕ್ಷಿ ನಮ್ಮ ಊರ ಹತ್ತಿರವೇ ಇದೆ. 1970ರ ದಶಕದಲ್ಲಿ ಮಲಪ್ರಭಾ ಯೋಜನೆ ಬಂತು. ನವಿಲುತೀರ್ಥದ ಕಮರಿಯಲ್ಲಿ ಗುಡ್ಡದ ಗಟ್ಟಿ ಕಲ್ಲು ಎರಡೂ ಬದಿಗೆ ಇದ್ದುದರಿಂದ ಅಣೆಕಟ್ಟಿಗೆ ಒಳ್ಳೆಯ ಆಸರೆ ಸಿಕ್ಕಿತು. ಆದರೆ ಅಲ್ಲಿಂದ ಹೊರಟ ಕಾಲುವೆಗಳು ಎರಿ ನೆಲಕ್ಕೆ ಇಳಿದದ್ದೇ ತಡ, ರಗಳೆ ಸುರುವಾಯಿತು. ನೀರು ಕುಡಿದ ಮಣ್ಣು ಉಬ್ಬಿ ಕಾಲುವೆಯ ಕಾಂಕ್ರೀಟು ಹೊದಿಕೆಯನ್ನು ಎತ್ತಿತು, ಒಡೆಯಿತು, ಏರಿಗಳು ಜರಿದವು.

ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಈ ಮಣ್ಣಿನ ಬೆನ್ನು ಹತ್ತಿದರು. ಅವರು ಕಂಡುಕೊಂಡ ಉಪಾಯ ಸರಳ. ಎರಿ ಮಣ್ಣಿನ ಮೇಲೆ ಸುಮಾರು ಒಂದು ಮೀಟರು ದಪ್ಪ, ಉಬ್ಬದ ಆದರೆ ಅಂಟುಗುಣವಿರುವ ಮಣ್ಣನ್ನು ಬಡಿದು ಕೂಡಿಸಿದರೆ, ಕೆಳಗಿನ ಎರಿ ಮಣ್ಣಿನ ಉಬ್ಬು ಬಹಳಮಟ್ಟಿಗೆ ಅಡಗುತ್ತದೆ. ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಈ ಉಪಾಯ ಬಳಕೆಗೆ ಬಂತು. 1979ರಲ್ಲಿ ಭಾರತೀಯ ಭೂತಾಂತ್ರಿಕ ಸಂಘದ ಪತ್ರಿಕೆಯಲ್ಲಿ ಅವರ ಉಪನ್ಯಾಸ ಅಚ್ಚಾಯಿತು. ಎರಿ ಮಣ್ಣಿನಲ್ಲಿ ಕಾಲುವೆ ಕಟ್ಟುವ ದೇಶದ ನಿಯಮಾವಳಿಗೂ ಈ ಪದ್ಧತಿ ಸೇರಿತು.

ಕಾಲುವೆಯ ಮಾತು ಇಲ್ಲಿ ಯಾಕೆ? ಎರಡು ಪಾಠಕ್ಕಾಗಿ. ಮೊದಲನೆಯದು, ಎರಿಯ ಜೊತೆ ಬರೀ ಕಾಂಕ್ರೀಟಿನ ದಪ್ಪದಿಂದ ಜಗಳ ಗೆಲ್ಲಲಾಗದು. ಮಣ್ಣಿನ ಗುಣ ತಿಳಿದೇ ಗೆಲ್ಲಬೇಕು. ಎರಡನೆಯದು, ಪಾಯದ ಕೆಳಗೆ ಬರೀ ಉಸುಕು ತುಂಬಿ "ಆತು" ಎನ್ನುವ ಪದ್ಧತಿ ಅಷ್ಟು ಭದ್ರವಲ್ಲ. ಉಸುಕಿನಲ್ಲಿ ಅಂಟಿಲ್ಲ, ನೀರಿಗೆ ಮಾತ್ರ ಹಾಸಿ ಕೊಟ್ಟ ದಾರಿ. ಮಳೆ ನೀರು ಸೀದಾ ಕೆಳಗಿನ ಎರಿಗೆ ಹೋಗಿ ಮುಟ್ಟುತ್ತದೆ.

ಪೈಲಿಗೆ ಆಸರೆ ಎರಡು

ಈಗ ಪೈಲಿಗೆ ಬರೋಣ. ಜೇಡಿ ಮಣ್ಣಿನಲ್ಲಿ ನಿಂತ ಪೈಲು ಭಾರ ಹೊರುವುದು ಎರಡು ರೀತಿಯಿಂದ. ಒಂದು, ಮೈ ಹಿಡಿತ. ಕಂಬದ ಮೈಗೆ ಸುತ್ತಲಿನ ಮಣ್ಣು ಅಂಟಿ ಹಿಡಿದಿರುತ್ತದೆ. ಹೊಲದ ಕೆಸರಲ್ಲಿ ಹೂತ ಕಾಲನ್ನು ಕೀಳುವಾಗ ಕೆಸರು ಹಿಡಿಯುವುದಿಲ್ಲವೇ, ಅದೇ ತರಹ. ಇನ್ನೊಂದು, ತಳದ ಆಸರೆ. ಕಂಬದ ಬುಡ ಕೆಳಗಿನ ಮಣ್ಣಿನ ಮೇಲೆ ಊರಿ ನಿಲ್ಲುತ್ತದೆ.

ಜನ ಎಲ್ಲ ಭಾರ ಬುಡದ ಮೇಲೆ ಎಂದು ತಿಳಿಯುತ್ತಾರೆ. ಬುಡಕ್ಕೆ ಕಲ್ಲು ಸಿಕ್ಕರೆ ಅದು ಖರೆ. ಜೇಡಿಯಲ್ಲಿ ಹಾಗಲ್ಲ. ಒಂದು ಲೆಕ್ಕ ನೋಡಿ, ಅಂಗಡಿಕಾರರಿಗೆ ಲೆಕ್ಕ ಹೊಸದಲ್ಲ.

30 ಸೆಂಟಿಮೀಟರು, ಅಂದರೆ ಒಂದಡಿ ದಪ್ಪದ ಪೈಲು. ಆಳ 4 ಮೀಟರು, 13 ಅಡಿ. ಮಣ್ಣಿನ ಅಂಟುಬಲ ಚದರ ಮೀಟರಿಗೆ 5 ಟನ್ನು ಎಂದು ಹಿಡಿಯೋಣ. ಬುಡದ ಕೆಳಗೆ ಜೇಡಿ ಈ ಬಲದ ಒಂಬತ್ತು ಪಟ್ಟು, ಅಂದರೆ ಚದರ ಮೀಟರಿಗೆ 45 ಟನ್ನು ತಡೆಯಬಲ್ಲದು ಎಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಆದರೆ ಬುಡದ ಅಗಲವೇ 0.07 ಚದರ ಮೀಟರು. ಗುಣಿಸಿದರೆ 3.2 ಟನ್ನು.

ಮೈ ಹಿಡಿತಕ್ಕೆ ಅಂಟುಬಲದ ಅರ್ಧ, ಅಂದರೆ 2.5 ಟನ್ನು ಹಿಡಿಯೋಣ. ಮೈಯ ಸುತ್ತಳತೆಯ ಜಾಗ 3.77 ಚದರ ಮೀಟರು. ಗುಣಿಸಿದರೆ 9.4 ಟನ್ನು. ಎರಡೂ ಕೂಡಿ 12.6. ಇದು ಪೈಲು ಸೋಲುವ ಭಾರ. ಕಾಪಿಗಾಗಿ ಎರಡೂವರೆಯಿಂದ ಭಾಗಿಸಿದರೆ ನಾವು ಹೇರಬಹುದಾದದ್ದು 5 ಟನ್ನು. ನಾಲ್ಕರಲ್ಲಿ ಮೂರು ಪಾಲು ಮೈಯೇ ಹೊರುತ್ತಿದೆ, ಬುಡ ಹೊರುವುದು ಒಂದೇ ಪಾಲು!

ಮೈಯೇ ಶತ್ರುವಾದರೆ?

ಬೇರೆ ಜೇಡಿಯಲ್ಲಾದರೆ ಇಷ್ಟಕ್ಕೆ ಮುಗಿಯಿತು. ಎರಿಯಲ್ಲಿ ಕತೆ ಇಲ್ಲಿಂದಲೇ ಸುರು.

ಬೇಸಿಗೆಯಲ್ಲಿ ಮೇಲಿನ ಮಣ್ಣು ಕುಗ್ಗಿ ಪೈಲಿನ ಮೈಯಿಂದ ದೂರ ಸರಿಯುತ್ತದೆ. ಮೇಲಿನ 2 ಮೀಟರಿನ ಹಿಡಿತ ಹೋಯಿತು ಎನ್ನಿ. 9.4 ಇದ್ದದ್ದು 4.7 ಆಯಿತು. ಬುಡದ 3.2 ಕೂಡಿಸಿ, ಎರಡೂವರೆಯಿಂದ ಭಾಗಿಸಿ: 3 ಟನ್ನಿನ ಮೇಲೆ ಚೂರು. ಐದು ಟನ್ನಿನ ಪೈಲು ಮೂರು ಟನ್ನಿಗೆ ಇಳಿಯಿತು.

ಮಳೆಗಾಲದಲ್ಲಿ ಇನ್ನೂ ವಿಚಿತ್ರ. ಅದೇ ಮೇಲಿನ ಮಣ್ಣು ಉಬ್ಬುತ್ತದೆ, ಪೈಲಿನ ಮೈ ಹಿಡಿದು ಮೇಲಕ್ಕೆ ಜಗ್ಗುತ್ತದೆ. ಇದೇ ಲೆಕ್ಕದಲ್ಲಿ 4.7 ಟನ್ನಿನ ಜಗ್ಗಾಟ. ಕೆಳಗೆ ಹಿಡಿದಿಡಲು ಕೆಳಗಿನ 2 ಮೀಟರಿನ ಮೈ ಹಿಡಿತವೂ ಅಷ್ಟೇ, 4.7. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆ ಸರಿಸಮ ಮಂದಿ ನಿಂತಂತೆ! ಕಟ್ಟಡ ಹಗುರಾಗಿದ್ದರೆ, ಪೈಲು ಗಿಡ್ಡಾಗಿದ್ದರೆ, ಪೈಲೇ ಮೇಲೆದ್ದು ಬರುತ್ತದೆ. ನಡುವೆ ಕಬ್ಬಿಣ ಇಲ್ಲದಿದ್ದರೆ ಕಂಬ ಅಡ್ಡಡ್ಡ ಹರಿದು ಎರಡಾಗಲೂಬಹುದು. "ಪೈಲ್ ಹಾಕ್ಸೀನ್ರಿ, ಆದ್ರೂ ಗ್ವಾಡಿ ಒಡೀತು" ಎನ್ನುವವರ ಸಂಕಟದ ಗುಟ್ಟು ಬಹಳ ಕಡೆ ಇದೇ.

ಹಗೇವಿನಂಥ ಹೊಟ್ಟೆ

ಇದಕ್ಕೆ ಉಪಾಯ ಕಂಡುಹಿಡಿದದ್ದು ನಮ್ಮ ದೇಶದಲ್ಲೇ, ಉತ್ತರದ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ. 1950ರ ದಶಕದಿಂದ ದಿನೇಶ್ ಮೋಹನ್ ಮತ್ತು ಜಿ. ಎಸ್. ಜೈನ್ ಮುಂತಾದವರು ಎರಿ ಮಣ್ಣಿಗೆಂದೇ ಒಂದು ಪೈಲನ್ನು ಹದಗೊಳಿಸಿದರು. ಹೆಸರು ಅಂಡರ್‌ರೀಮ್ಡ್ ಪೈಲು. ಹೆಸರು ಕೇಳಿ ಗಾಬರಿಯಾಗಬೇಡಿ. ಜೋಳ ತುಂಬುವ ಹಗೇವು ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಹಗೇವಿನ ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಈ ಪೈಲಿನ ತೂತೂ ಹಾಗೆಯೇ. ಮೇಲೆ ಒಂದಡಿ ಅಗಲ, ಬುಡದ ಹತ್ತಿರ ಎರಡೂವರೆ ಅಡಿ ಅಗಲದ ಹೊಟ್ಟೆ.

ಮಾಡುವ ರೀತಿಯೂ ಸರಳ. ಬಡಿಗನ ಬೈರಿಗೆಯಂಥ ದೊಡ್ಡ ಉಪಕರಣವನ್ನು ಮಂದಿ ಹಿಡಿದು ತಿರುಗಿಸಿ ತೂತು ಕೊರೆಯುತ್ತಾರೆ. ಬೇಕಾದ ಆಳಕ್ಕೆ ಹೋದ ಮೇಲೆ ಇನ್ನೊಂದು ಉಪಕರಣ ಇಳಿಸುತ್ತಾರೆ. ಅದನ್ನು ಒತ್ತಿ ತಿರುಗಿಸಿದರೆ ಅದರ ಅಲಗುಗಳು ಕೊಡೆಯಂತೆ ಬಿಚ್ಚಿಕೊಂಡು ಸುತ್ತಲಿನ ಮಣ್ಣು ಕೆತ್ತುತ್ತವೆ. ಕೆತ್ತಿದ ಮಣ್ಣು ಅದರ ಡಬ್ಬಿಯಲ್ಲಿ ಬೀಳುತ್ತದೆ. ಮೇಲೆ ತಂದು ಚೆಲ್ಲುವುದು, ಮತ್ತೆ ಇಳಿಸುವುದು. ಸಣ್ಣ ಕಟ್ಟಡಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ.

ಹೊಟ್ಟೆ ಇದ್ದರೆ ಏನಾಯಿತು? ಅಗಲ ಎರಡೂವರೆ ಪಟ್ಟಾದರೆ ಊರುವ ಜಾಗ ಆರೂಕಾಲು ಪಟ್ಟು. ಬುಡ 3.2 ಟನ್ನು ಹೊರುತ್ತಿದ್ದಲ್ಲಿ ಹೊಟ್ಟೆಯ ಸುತ್ತಂಚು ಇನ್ನೂ 16.7 ಟನ್ನು ಕೂಡಿಸುತ್ತದೆ. ಮೇಲಿನ 2 ಮೀಟರಿನ ಹಿಡಿತವನ್ನು ಪೂರ್ತಿ ಬಿಟ್ಟು, ಹೊಟ್ಟೆ ಆಕ್ರಮಿಸಿದ ಮೈಯ ಲೆಕ್ಕವನ್ನೂ ಕಳೆದು ನೋಡಿದರೂ ಒಟ್ಟು 23 ಟನ್ನಿನ ಆಸುಪಾಸು. ಎರಡೂವರೆಯಿಂದ ಭಾಗಿಸಿದರೆ 9 ಟನ್ನಿನ ಮೇಲೆ. ಮೂರು ಟನ್ನಿನ ಪೈಲು ಒಂಬತ್ತು ಟನ್ನಿನದಾಯಿತು. ಮಳೆಗಾಲದ ಜಗ್ಗಾಟಕ್ಕೂ ಈ ಹೊಟ್ಟೆಯೇ ಲಂಗರು. ಮೇಲಿನ ಮಣ್ಣು ಎಷ್ಟೇ ಜಗ್ಗಲಿ, ಕೆಳಗಿನ ಹೊಟ್ಟೆ ಕೀಳಬೇಕಾದರೆ ಅದರ ಮೇಲಿನ ಮಣ್ಣನ್ನೇ ಸೀಳಬೇಕು.

ಆದರೆ ಹೊಟ್ಟೆ ಎಲ್ಲಿರಬೇಕು ಎಂಬುದೇ ಮುಖ್ಯ. ಮಳೆ-ಬಿಸಿಲಿನ ಆಟ ತಲುಪದ ಆಳದಲ್ಲಿ ಇರಬೇಕು. ಆಳವಾದ ಎರಿ ನೆಲಕ್ಕೆ ಭಾರತೀಯ ಮಾನಕ ಐ.ಎಸ್. 2911ರ ಮೂರನೆಯ ಭಾಗ ಹೇಳುವುದು ಕನಿಷ್ಠ ಮೂರೂವರೆ ಮೀಟರು, ಅಂದರೆ ಹನ್ನೊಂದೂವರೆ ಅಡಿ. ಆರಡಿ ಆಳದಲ್ಲಿ ಹೊಟ್ಟೆ ಮಾಡಿದರೆ ಅದು ಲಂಗರಲ್ಲ, ಎತ್ತುವ ಮಣ್ಣಿಗೇ ಕೊಟ್ಟ ಹಿಡಿಕೆ!

ಅದೇ ಮಾನಕದ 1980ರ ಆವೃತ್ತಿಯ ಕೋಷ್ಟಕದಲ್ಲಿ 30 ಸೆಂಟಿಮೀಟರು ದಪ್ಪದ, ಮೂರೂವರೆ ಮೀಟರು ಆಳದ, ಒಂದು ಹೊಟ್ಟೆಯ ಪೈಲಿಗೆ 16 ಟನ್ನು, ಎರಡು ಹೊಟ್ಟೆಯದಕ್ಕೆ 24 ಟನ್ನು ಎಂದಿದೆ. ನಮ್ಮ ಲೆಕ್ಕದಲ್ಲಿ ಒಂದು ಹೊಟ್ಟೆಗೆ 9 ಬಂತು. ಯಾವುದು ಖರೆ? ಎರಡೂ. ಮಣ್ಣು ಯಾವುದು ಎಂಬುದರ ಮೇಲೆ ಹೋಗುತ್ತದೆ. ನಾವು ಮೆತ್ತಗಿನ ಮಣ್ಣು ಹಿಡಿದೆವು, ಮೇಲಿನ ಹಿಡಿತವನ್ನೂ ಬಿಟ್ಟೆವು. ಹಾಗಾಗಿ "ಒಂದು ಪೈಲಿಗೆ ಇಷ್ಟು ಟನ್ನು" ಎಂದು ಮಣ್ಣು ನೋಡದೆ ಬಾಯಿಪಾಠ ಒಪ್ಪಿಸುವವರನ್ನು ನಂಬಬೇಡಿ.

ಬೀಮಿನ ಕೆಳಗೆ ಮೂರು ಬೆರಳ ಜಾಗ

ಪೈಲುಗಳ ತಲೆಗಳನ್ನು ಕೂಡಿಸುವುದು ಬೀಮು. ಅದರ ಮೇಲೆ ಗೋಡೆ. ಎಷ್ಟೋ ಕಡೆ ಪೈಲು ಚೆನ್ನಾಗಿ ಮಾಡಿ, ಬೀಮನ್ನು ಸೀದಾ ನೆಲದ ಮೇಲೆ ಹಾಸಿಬಿಡುತ್ತಾರೆ. ಮಳೆ ಬಂತು, ನೆಲ ಉಬ್ಬಿತು, ಬೀಮನ್ನು ಕೆಳಗಿನಿಂದ ಒತ್ತಿತು. ಪೈಲಿನ ಖರ್ಚೆಲ್ಲ ನೀರಿನಲ್ಲಿ ಹೋಮ.

ಉಬ್ಬುವ ಮಣ್ಣಿನಲ್ಲಿ ಬೀಮಿನ ಕೆಳಗೆ ಕನಿಷ್ಠ 80 ಮಿಲಿಮೀಟರು, ಅಂದರೆ ಮೂರಿಂಚಿಗಿಂತ ತುಸು ಹೆಚ್ಚು ಖಾಲಿ ಬಿಡಬೇಕು ಎಂಬುದು ನಿಯಮ. ಮಣ್ಣು ಉಬ್ಬಲಿ, ಆ ಖಾಲಿಯಲ್ಲಿ ಉಬ್ಬಿ ಸುಮ್ಮನಾಗಲಿ. ಆ ಜಾಗ ಕಂಡು "ಪೊಳ್ಳ ಬಿಟ್ಟಾನ ನೋಡ್ರಿ" ಎಂದು ಗೌಂಡಿಯ ಮೇಲೆ ಸಿಟ್ಟಾಗಿ ಮಣ್ಣು ತುರುಕಿಸುವ ಮಾಲಕರೂ ಇದ್ದಾರೆ. ಯಜಮಾನರೇ, ಆ ಪೊಳ್ಳೇ ನಿಮ್ಮ ಗೋಡೆಯ ಆಯುಷ್ಯ! ಹೊರಗಿನಿಂದ ಹೆಗ್ಗಣ, ನೀರು ಹೋಗದಂತೆ ಬದಿಗೆ ಮರೆ ಕಟ್ಟಿಸಿ, ಕೆಳಗೆ ತುಂಬಿಸಬೇಡಿ.

ಕಾಣದ ಹೊಟ್ಟೆಗೆ ಬುಟ್ಟಿಯ ಲೆಕ್ಕ

ಪೈಲಿನಲ್ಲಿ ಮೋಸಕ್ಕೆ ಆಸ್ಪದ ಹೆಚ್ಚು. ಗೋಡೆ ಓರೆಯಾದರೆ ಕಾಣುತ್ತದೆ. ಹನ್ನೆರಡು ಅಡಿ ಕೆಳಗೆ ಹೊಟ್ಟೆ ಆಗಿದೆಯೋ ಇಲ್ಲವೋ ಯಾರು ಇಳಿದು ನೋಡುತ್ತಾರೆ? ಚೀಲದ ಮೇಲೆ ಒಳ್ಳೆ ಬೆಲ್ಲ, ತಳದಲ್ಲಿ ಕಲ್ಲು ಇಟ್ಟು ಮಾರಿದಂತೆ.

ಆದರೆ ಲೆಕ್ಕ ಬಲ್ಲವರಿಗೆ ಒಂದು ದಾರಿ ಇದೆ. ಒಂದಡಿ ದಪ್ಪ, 13 ಅಡಿ ಆಳದ ಬರಿಯ ತೂತಿಗೆ ಹಿಡಿಸುವ ಕಾಂಕ್ರೀಟು ಸುಮಾರು 10 ಘನ ಅಡಿ. ಎರಡೂವರೆ ಅಡಿ ಅಗಲದ ಹೊಟ್ಟೆ ಇದ್ದರೆ ಅದಕ್ಕೆ ಇನ್ನೂ ಎರಡೂವರೆ ಘನ ಅಡಿ ಹೆಚ್ಚು, ಒಟ್ಟು ಹನ್ನೆರಡೂವರೆಯ ಸಮೀಪ. ಒಂದು ಬುಟ್ಟಿಯ ಅಳತೆ ಮೊದಲೇ ತೆಗೆದಿಡಿ. ಪ್ರತಿ ತೂತಿಗೆ ಎಷ್ಟು ಬುಟ್ಟಿ ಇಳಿಯಿತು ಎಂದು ಚೀಟಿಯ ಮೇಲೆ ಗೀಟು ಹಾಕುತ್ತ ಹೋಗಿ. ಹತ್ತಕ್ಕೇ ತುಂಬಿ ಮೇಲೆ ಬಂದರೆ ಒಂದೋ ಹೊಟ್ಟೆ ಕೊರೆದಿಲ್ಲ, ಇಲ್ಲವೇ ಕೊರೆದದ್ದು ಕುಸಿದು ಮಣ್ಣು ತುಂಬಿದೆ. ಅಲ್ಲೇ ನಿಲ್ಲಿಸಿ ಕೇಳಿ.

ಕಾಂಕ್ರೀಟು ಹಾಕುವ ಮೊದಲು ನೋಡಬೇಕಾದದ್ದು ಇನ್ನೂ ಇದೆ. ಕೋಲಿನಿಂದ ಆಳ ಅಳೆಯಿರಿ. ತಳದಲ್ಲಿ ಸಡಿಲ ಮಣ್ಣು ಉಳಿದಿದ್ದರೆ ತೆಗೆಸಿ. ಸಡಿಲ ಮಣ್ಣಿನ ಮೇಲೆ ಊರಿದ ಬುಡ ಊರಿದ್ದೇ ಅಲ್ಲ. ಕಬ್ಬಿಣದ ಸರಳು ಮೇಲಿನ ನಾಲ್ಕಡಿಗೆ ಮಾತ್ರವಲ್ಲ, ಪೂರ್ತಿ ಆಳಕ್ಕೆ ಇರಲಿ. ಜಗ್ಗಾಟ ತಡೆಯುವುದು ಕಬ್ಬಿಣ, ಕಾಂಕ್ರೀಟಲ್ಲ. ತೂತು ಕೊರೆದು ವಾರಗಟ್ಟಲೆ ಬಾಯಿ ತೆರೆದಿಡಬೇಡಿ, ಒಳಗಿನ ಮಣ್ಣು ಸಡಿಲಾಗುತ್ತದೆ. ಕೊರೆದ ದಿನವೇ ತುಂಬಿದರೆ ಲೇಸು. ಹೊಳೆ ದಂಡೆಯ ನಿವೇಶನಗಳಲ್ಲಿ ತೂತಿನೊಳಗೆ ನೀರು ಬರುವುದುಂಟು. ಆಗ ಮೇಲಿನಿಂದ ಬುಟ್ಟಿಯಲ್ಲಿ ಸುರಿದರೆ ಸಿಮೆಂಟು ತೊಳೆದು ಖಡಿ ಮಾತ್ರ ತಳದಲ್ಲಿ ಉಳಿಯುತ್ತದೆ. ಕೊಳವೆ ಇಳಿಸಿ, ಬುಡದಿಂದ ಮೇಲಕ್ಕೆ ತುಂಬುತ್ತ ಬರಬೇಕು. ಹೊಟ್ಟೆ ಕುಸಿಯುವ ಮಣ್ಣಾದರೆ ತಿಳಿದ ಇಂಜಿನಿಯರನ್ನು ಕೇಳದೆ ಮುಂದುವರಿಯುವುದೇ ಬೇಡ.

ಪೈಲುಗಳನ್ನು ಒತ್ತೊತ್ತಾಗಿ ಹಾಕಿದರೆ ಬಲ ಹೆಚ್ಚುತ್ತದೆಂಬ ಭ್ರಮೆಯೂ ಬೇಡ. ನಡುವಿನ ಅಂತರ ಹೊಟ್ಟೆಯ ಅಗಲದ ಎರಡು ಪಟ್ಟು ಇರಬೇಕು. ನಮ್ಮ ಲೆಕ್ಕದ ಪೈಲಿಗೆ ಐದು ಅಡಿ. ಹತ್ತಿರವಾದರೆ ಎರಡೂ ಪೈಲು ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ. ಒಂದೇ ಗಂಗಾಳದಲ್ಲಿ ಇಬ್ಬರು ಉಣ್ಣಲು ಕೂತರೆ ಅನ್ನ ಇಮ್ಮಡಿಯಾದೀತೇ?

ಜೇಡಿಗೆ ಅವಸರವಿಲ್ಲ

ಉಸುಕಿನಲ್ಲಿ ಭಾರ ಹಾಕಿದರೆ ಕೂಡುವಷ್ಟು ಕೂತು ಮುಗಿಯುತ್ತದೆ. ಜೇಡಿ ಹಾಗಲ್ಲ. ಅದರೊಳಗಿನ ನೀರು ನಿಧಾನವಾಗಿ ಹಿಂಡಿ ಹೊರಬರಬೇಕು, ಅದಕ್ಕೆ ತಿಂಗಳು, ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಇಂದು ಗಟ್ಟಿ ನಿಂತಿತು ಎಂದು ನಾಳೆಯ ಮಾತು ಹೇಳಲಾಗದು.

ದೊಡ್ಡ ಕಟ್ಟಡಗಳಿಗೆ ಪೈಲಿನ ಮೇಲೆ ಉಸುಕಿನ ಚೀಲ ಪೇರಿಸಿ, ಜ್ಯಾಕ್ ಹಚ್ಚಿ ಪರೀಕ್ಷೆ ಮಾಡುವ ಕ್ರಮವಿದೆ. ಕಾಂಕ್ರೀಟು ಗಟ್ಟಿಯಾಗಲು ಸುಮಾರು 28 ದಿನ ಬಿಟ್ಟು, ಹೊರಬೇಕಾದ ಭಾರದ ಒಂದೂವರೆ ಪಟ್ಟು ಹೇರಿದಾಗ ಪೈಲು 12 ಮಿಲಿಮೀಟರಿಗಿಂತ, ಅಂದರೆ ಅರ್ಧ ಇಂಚಿಗಿಂತ ಹೆಚ್ಚು ಇಳಿಯಕೂಡದು. ಒಂದೆರಡು ಅಂಗಡಿ ಕಟ್ಟಿಸುವವರಿಗೆ ಈ ಖರ್ಚು ಭಾರವಾದೀತು. ಸರಕಾರದ ರೊಕ್ಕದಲ್ಲಿ ಏಳುವ ವಾಣಿಜ್ಯ ಮಳಿಗೆ, ಸಮುದಾಯ ಭವನಗಳಿಗೆ ಮಾತ್ರ ಇದನ್ನು ಕೇಳುವ ಹಕ್ಕು ಊರವರಿಗಿದೆ.

ಜೇಡಿಯ ನಿಧಾನ ಎಂಥದು ಎಂಬುದಕ್ಕೆ ದೂರದ ಮೆಕ್ಸಿಕೋ ನಗರದ ಒಂದು ಉದಾಹರಣೆ. ಹಳೆಯ ಕೆರೆಯ ಮೆತ್ತನೆ ಜೇಡಿಯ ಮೇಲೆ ಬೆಳೆದ ಊರು ಅದು. 1910ರಲ್ಲಿ ಅಲ್ಲಿ ಸ್ವಾತಂತ್ರ್ಯದ ಸ್ಮಾರಕವಾಗಿ ಎತ್ತರದ ಕಂಬವೊಂದನ್ನು ಪೈಲುಗಳ ಮೇಲೆ ನಿಲ್ಲಿಸಿದರು. ಊರಿನ ಬಾವಿಗಳು ನೆಲದ ನೀರು ಎಳೆದಂತೆ ಸುತ್ತಲಿನ ನೆಲ ವರ್ಷ ವರ್ಷ ಕುಸಿಯಿತು; ಸ್ಮಾರಕ ಮಾತ್ರ ಅಷ್ಟು ಕುಸಿಯಲಿಲ್ಲ. ಬುಡಕ್ಕೆ ತಲುಪಲು ಆಮೇಲೆ 14 ಮೆಟ್ಟಿಲು ಹೊಸದಾಗಿ ಕಟ್ಟಬೇಕಾಯಿತು.

ನಮಗೂ ಇದರಲ್ಲಿ ಪಾಠವಿದೆ. ತಗ್ಗಿನ ನಿವೇಶನಕ್ಕೆ ಲಾರಿಗಟ್ಟಲೆ ಮಣ್ಣು ತುಂಬಿಸಿ, ಮರುತಿಂಗಳೇ ಪೈಲು ಕೊರೆಸಿದರೆ, ಆ ಹೊಸ ಮಣ್ಣು ಕೂಡುತ್ತ ಹೋಗುವಾಗ ಪೈಲಿನ ಮೈ ಹಿಡಿದು ಕೆಳಕ್ಕೆ ತೂಗುತ್ತದೆ. ಕಟ್ಟಡದ ಭಾರದ ಜೊತೆಗೆ ಮಣ್ಣಿನ ಭಾರವನ್ನೂ ಪೈಲೇ ಹೊರಬೇಕು. ತುಂಬಿದ ಮಣ್ಣಿನ ಆಳವನ್ನು ಪೈಲಿನ ಲೆಕ್ಕಕ್ಕೆ ಎಂದೂ ಸೇರಿಸಬಾರದು.

ಎಲ್ಲರಿಗೂ ಪೈಲು ಬೇಕೇ?

ಬೇಡ. ಮೊದಲು ನಿವೇಶನದಲ್ಲಿ ಎರಡು ಕಡೆ ಕುಣಿ ತೋಡಿಸಿ ನೋಡಿ. ನಾಲ್ಕೈದು ಅಡಿಗೆ ಗಟ್ಟಿ ಗರಸು ಸಿಕ್ಕರೆ ಪಾಯವನ್ನೇ ಅಲ್ಲಿಗೆ ಇಳಿಸುವುದು ಸುಲಭ. ಎಂಟು ಹತ್ತು ಅಡಿಗೆ ಸಿಕ್ಕರೆ ಪೈಲನ್ನು ಗರಸಿನೊಳಗೆ ಒಂದೆರಡು ಅಡಿಯಾದರೂ ಇಳಿಸಬೇಕು. ಕೆಳಗೆ ಕೆಳಗೆ ಎರಿಯೇ ಎರಿ ಇದ್ದರೆ ಹೊಟ್ಟೆಯ ಪೈಲಿಗೆ ಬೆಲೆ. ನಮ್ಮ ಸೀಮೆಯಲ್ಲಿ ಗುಡ್ಡದ ಬದಿಯ ನೆಲ ಬೇರೆ, ಹೊಳೆ ಸಾಲಿನ ನೆಲ ಬೇರೆ. ಪಕ್ಕದವರು ಹಾಕಿಸಿದರೆಂದು ಹಾಕಿಸುವುದೂ ಬೇಡ, ಪಕ್ಕದವರು ಬಿಟ್ಟರೆಂದು ಬಿಡುವುದೂ ಬೇಡ.

ಪೈಲು ಹಾಕಿಸಲಿ, ಬಿಡಲಿ, ನೀರಿನ ಶಿಸ್ತು ಬೇಕೇ ಬೇಕು. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳಬಾರದು. ಸುತ್ತ ಮೂರ್ನಾಲ್ಕು ಅಡಿ ಹೊರಕ್ಕೆ ಇಳಿಜಾರು ಕಟ್ಟೆ ಇರಲಿ. ಸೋರುವ ನಳ, ಒಡೆದ ಮೋರಿ ಇಂದೇ ರಿಪೇರಿಯಾಗಲಿ. ಗೋಡೆಗೆ ತಾಗಿ ದೊಡ್ಡ ಗಿಡ ಬೇಡ. ಮಣ್ಣು ಒಂದೇ ಸಮ ಹಸಿಯಿದ್ದರೂ ತಂಟೆಯಿಲ್ಲ, ಒಂದೇ ಸಮ ಒಣಗಿದ್ದರೂ ತಂಟೆಯಿಲ್ಲ. ಹಸಿ-ಒಣ ಅದಲುಬದಲಾದಾಗಲೇ ತಂಟೆ.

2019ರ ಆಗಸ್ಟಿನ ಮಹಾಪೂರವನ್ನು ಮಲಪ್ರಭೆಯ ದಂಡೆಯವರು ಮರೆಯುವಂತಿಲ್ಲ. ಆಗ ಬಿದ್ದ ಮಣ್ಣಿನ ಮನೆಗಳಿಗೆ ಲೆಕ್ಕವಿಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಘೋಷಿಸಿತು. ಮಣ್ಣಿನ ಮನೆ ಹೋದ ಜಾಗದಲ್ಲಿ ಇಟ್ಟಿಗೆ, ಸಿಮೆಂಟಿನ ಮನೆ ಎದ್ದವು. ಬಾಗುವ ಮನೆ ಹೋಗಿ ಒಡೆಯುವ ಮನೆ ಬಂದಿತು, ನೆಲ ಮಾತ್ರ ಅದೇ ಎರಿ. ಇಂಥ ಕಡೆ ಬಡವರ ರೊಕ್ಕ ಗೋಡೆಯ ಬಣ್ಣಕ್ಕಿಂತ ಮೊದಲು ಪಾಯಕ್ಕೆ ಹೋಗಬೇಕು. ನಕಾಶೆ ಮಂಜೂರು ಮಾಡುವವರು ಮುಂಭಾಗದ ಅಳತೆ, ಮಹಡಿಯ ಲೆಕ್ಕ ಕೇಳುವಂತೆ "ಕುಣಿ ತೋಡಿ ನೋಡೀರೇನ್ರಿ, ಎರಿ ಎಷ್ಟ ಆಳ ಐತಿ?" ಎಂದೂ ಒಂದು ಮಾತು ಕೇಳಿದರೆ ಅರ್ಧ ಕಷ್ಟ ತಪ್ಪೀತು.

ಅವರು ಕೇಳುವ ತನಕ ಕಾಯಬೇಕಿಲ್ಲ. ಮುಂಗಡ ಕೊಡುವ ಮೊದಲು ಗುತ್ತಿಗೆದಾರರನ್ನು ಕೂಡಿಸಿಕೊಂಡು ನೀವೇ ಕೇಳಿ: ಪೈಲು ಎಷ್ಟು ಆಳ? ಹೊಟ್ಟೆ ಎಷ್ಟು ಅಗಲ, ಯಾವ ಆಳದಲ್ಲಿ? ಸರಳು ಬುಡದ ತನಕ ಇದೆಯೇ? ಬೀಮಿನ ಕೆಳಗೆ ಎಷ್ಟು ಖಾಲಿ? ಒಂದು ತೂತಿಗೆ ಎಷ್ಟು ಬುಟ್ಟಿ ಕಾಂಕ್ರೀಟು? ಐದಕ್ಕೂ ಅಳತೆಯ ಉತ್ತರ ಬಂದರೆ ಕರಾರಿನ ಕಾಗದದಲ್ಲಿ ಬರೆಸಿಕೊಳ್ಳಿ. "ಅದನ್ನೆಲ್ಲ ನನಗ ಬಿಡ್ರಿ" ಎಂಬ ಉತ್ತರ ಬಂದರೆ, ರೊಕ್ಕದ ಚೀಲ ಮತ್ತೆ ಗಲ್ಲೆಗೆ ಇಡುವುದೇ ಮೇಲು.